ನಾಲ್ಕು ತಾಲ್ಲೂಕಿನ ಸುದ್ದಿಮನೆ

ಬೆಳಿಗ್ಗೆ ಏಳಕ್ಕೆ ಕೊಪ್ಪಳದ ಗಡಿಯಾರ ಕಂಬದ ಸುತ್ತಲಿನ ಅಂಗಡಿಗಳು ಇನ್ನೂ ಬಾಗಿಲು ತೆರೆದಿರುವುದಿಲ್ಲ. ಚಹಾದಂಗಡಿಯ ಒಲೆ ಮಾತ್ರ ಹೊತ್ತಿರುತ್ತದೆ, ಪಕ್ಕದ ಬಂಡಿಯಲ್ಲಿ ಮಿರ್ಚಿಗೆ ಎಣ್ಣೆ ಕಾಯುತ್ತಿರುತ್ತದೆ. ಇಂಥದೊಂದು ಓಣಿಯಲ್ಲಿ ಕಡಿದಾದ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದರೆ ಅಲ್ಲಿ ಜಿಲ್ಲಾ ವಾರಪತ್ರಿಕೆಯ ಕೋಣೆ. ಒಳಗೆ ಎರಡು ಕಂಪ್ಯೂಟರ್. ಹಳೆಯದರಲ್ಲಿ ಪೇಜ್‌ಮೇಕರ್, ನುಡಿ ಅಕ್ಷರ. ಅದು ಅಚ್ಚಿನ ಪತ್ರಿಕೆಗೆ. ಹೊಸದು ಆನ್‌ಲೈನ್ ಆವೃತ್ತಿಗೆ. ಮೂಲೆಯಲ್ಲಿ ಹೋದ ವಾರ ಉಳಿದ ಪ್ರತಿಗಳ ಕಟ್ಟು. ಗೋಡೆಗೆ ಬೀಜ-ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್, ಅದರ ಕೆಳಗೆ ಕೈಬರಹದ ಫೋನ್ ಪಟ್ಟಿ: ತಹಶೀಲ್ದಾರ್ ಕಚೇರಿಗಳು, ಜೆಸ್ಕಾಂ, ಜಿಲ್ಲಾ ಆಸ್ಪತ್ರೆ, ಎಪಿಎಂಸಿ, ಮುನಿರಾಬಾದಿನ ಅಣೆಕಟ್ಟೆ ಕಚೇರಿ. ಇಂಥ ಕೋಣೆಗಳು ಕರ್ನಾಟಕದ ಪ್ರತಿ ಜಿಲ್ಲೆಯಲ್ಲೂ ಇವೆ. ಬಾಡಿಗೆ ಬೇರೆ, ಊರು ಬೇರೆ. ದಿನಚರಿ ಹೆಚ್ಚುಕಡಿಮೆ ಒಂದೇ.

ಕೋಣೆಯಲ್ಲಿ ದೀಪ ಹಾಕುವ ಮೊದಲೇ ಫೋನಿನಲ್ಲಿ ವಾಟ್ಸ್‌ಆ್ಯಪ್ ತುಂಬಿಹೋಗಿರುತ್ತದೆ. ಗಂಗಾವತಿಯಿಂದ ಭತ್ತದ ಲೋಡಿನ ಲಾರಿ ಪಲ್ಟಿಯಾದ ಎರಡು ಫೋಟೊ. ಕುಷ್ಟಗಿಯಿಂದ, ಗಾಳಿಗೆ ಮುರಿದುಬಿದ್ದ ವಿದ್ಯುತ್ ಕಂಬದ ವಿಡಿಯೊ. ಯಲಬುರ್ಗಾದಿಂದ ಶಾಲೆಯ ಕೊಠಡಿ ಸೋರುವ ದೂರು, ಜೊತೆಗೆ ಪಾಲಕರೊಬ್ಬರ ಧ್ವನಿಮುದ್ರಣ. ಕೊಪ್ಪಳದ ಕಚೇರಿಗಳಿಂದ ಪತ್ರಿಕಾ ಪ್ರಕಟಣೆಗಳ ಸಾಲು. ನಡುವೆ ಯಾರದೋ ಹುಟ್ಟುಹಬ್ಬದ ಶುಭಾಶಯ, ಯಾವುದೋ ರಾಜ್ಯದಲ್ಲಿ ಎರಡು ವರ್ಷದ ಹಿಂದೆ ನಡೆದ ಅಪಘಾತಕ್ಕೆ ಕನಕಗಿರಿಯ ಹೆಸರು ಅಂಟಿಸಿದ ಚಿತ್ರ. ಕೆಳಗೆ ಒಂದೇ ಒತ್ತಾಯ: "ಜಲ್ದಿ ಹಾಕ್ರೀ ಸರ್ರ, ಎಲ್ಲಾರೂ ಹಾಕ್ಯಾರ."

ಸುದ್ದಿಮನೆಯ ಕೆಲಸ ಶುರುವಾಗುವುದು ಇಲ್ಲಿಂದ. ಎಲ್ಲರೂ ಹಾಕಿದ್ದಾರೆ ಎಂಬುದು ಹಾಕಲು ಕಾರಣವಾಗಬಾರದು. ಲಾರಿ ಎಲ್ಲಿ ಬಿತ್ತು, ಚಾಲಕ ಬದುಕಿದ್ದಾನೆಯೇ, ಫೋಟೊ ಇಂದಿನದೇ? ವರದಿಗಾರನಿಗೆ ಒಂದು ಕರೆ, ಠಾಣೆಗೆ ಒಂದು ಕರೆ, ಸಾಧ್ಯವಾದರೆ ಆ ರಸ್ತೆ ಬದಿಯ ಅಂಗಡಿಯವನಿಗೆ ಮತ್ತೊಂದು. ಮೂರು ಕರೆಗೆ ಹದಿನೈದು ನಿಮಿಷ ಹಿಡಿಯುತ್ತದೆ. ಆ ಹದಿನೈದು ನಿಮಿಷ ತಡೆಯುವ ಗಟ್ಟಿತನವೇ ಪತ್ರಿಕೆಯ ಬಂಡವಾಳ.

ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಈ ನೆಲ ರಾಯಚೂರು ಜಿಲ್ಲೆಯ ಪಡುವಣ ಅಂಚು. ಇಲ್ಲಿನ ಸುದ್ದಿ ರಾಯಚೂರಿನ ಸುದ್ದಿಯೊಳಗೆ ಒಂದು ಸಣ್ಣ ಕಾಲಂ ಹಿಡಿಯುತ್ತಿತ್ತು. ಜಿಲ್ಲೆಯಾದ ಮೇಲೆ ಜಿಲ್ಲಾಧಿಕಾರಿ ಬಂದರು, ಜಿಲ್ಲಾ ಪಂಚಾಯಿತಿ ಬಂತು, ಜಿಲ್ಲಾ ನ್ಯಾಯಾಲಯ ಬಂತು. ಅವುಗಳ ಬೆನ್ನಿಗೆ ಸ್ಥಳೀಯ ಪತ್ರಿಕೆಗಳೂ ಬಂದವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕು ಈಗ ಏಳಾಗಿವೆ. ಗಂಗಾವತಿಯಿಂದ ಕಾರಟಗಿ, ಕನಕಗಿರಿ ಬೇರೆಯಾದವು, ಯಲಬುರ್ಗಾದಿಂದ ಕುಕನೂರು. ಆದರೂ ಹಳೆಯ ಓದುಗನ ಬಾಯಲ್ಲಿ ಇನ್ನೂ ನಾಲ್ಕೇ. ಸುದ್ದಿಮನೆಯ ಹಲಗೆಯ ಮೇಲೂ ನಾಲ್ಕೇ ಗೆರೆ.

ಈ ನಾಲ್ಕು ಗೆರೆಗಳ ಸುದ್ದಿಗೆ ಒಂದೊಂದು ಮಣ್ಣಿನ ವಾಸನೆಯಿದೆ. ಗಂಗಾವತಿ ನೀರಿನ ನಾಡು. ತುಂಗಭದ್ರಾ ಎಡದಂಡೆ ಕಾಲುವೆ ಹರಿದಲ್ಲೆಲ್ಲ ಭತ್ತ, ಭತ್ತದ ಹಿಂದೆ ಅಕ್ಕಿ ಗಿರಣಿ, ಗಿರಣಿಯ ಹಿಂದೆ ಲಾರಿ. ಅಲ್ಲಿ ಸೋನಾ ಮಸೂರಿಯ ದರ ನೂರು ರೂಪಾಯಿ ಇಳಿದರೂ ಅದು ಮುಖಪುಟದ ಸುದ್ದಿ. ಮುನಿರಾಬಾದಿನಲ್ಲಿ ನೀರಾವರಿ ಸಲಹಾ ಸಮಿತಿ ಸೇರಿದ ದಿನ ಸಂಪಾದಕನಿಗೆ ಊಟಕ್ಕೆ ಬಿಡುವಿಲ್ಲ. "ಎರಡನೇ ಬೆಳಿಗೆ ನೀರು ಬಿಡ್ತಾರೇನ್ರಿ?" ಎಂಬ ಒಂದೇ ಪ್ರಶ್ನೆ ನೂರು ಬಾಯಲ್ಲಿ ಬರುತ್ತದೆ. ಗಂಗಾವತಿ ತಾಲ್ಲೂಕಿನಲ್ಲೇ ಆನೆಗೊಂದಿ, ಪಂಪಾ ಸರೋವರ, ಅಂಜನಾದ್ರಿ ಬೆಟ್ಟ. ಶನಿವಾರ ಬಂತೆಂದರೆ ಬೆಟ್ಟದ ಕೆಳಗೆ ವಾಹನಗಳ ಸಾಲು. ಸ್ವಲ್ಪ ಆಚೆ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಮೊರೇರ ತಟ್ಟೆಗಳು. ಕಬ್ಬಿಣ ಯುಗದ ಜನ ಬಂಡೆಚಪ್ಪಡಿ ನಿಲ್ಲಿಸಿ ಕಟ್ಟಿದ ಆ ಕಲ್ಮನೆಗಳು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿವೆ.

ಕುಷ್ಟಗಿ ಮಳೆಯಾಶ್ರಿತ ನೆಲ. ಅಲ್ಲಿ ಸುದ್ದಿ ಆಕಾಶ ನೋಡಿ ಹುಟ್ಟುತ್ತದೆ. ದಾಳಿಂಬೆ ತೋಟಕ್ಕೆ ತಗುಲಿದ ರೋಗ, ಬತ್ತಿದ ಕೊಳವೆಬಾವಿ, ಬೀಗ ಹಾಕಿದ ಮನೆಗಳ ಸಾಲು. ಬೀಗ ಹಾಕಿದವರು ಗುಳೆ ಹೋದವರು. ಗದಗ–ವಾಡಿ ರೈಲು ಮಾರ್ಗದಲ್ಲಿ 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಪ್ರಯಾಣಿಕರ ರೈಲು ಬಂದಾಗ ಊರಿಗೆ ಊರೇ ನಿಲ್ದಾಣದಲ್ಲಿತ್ತು. ಅಜ್ಜಂದಿರು ರೈಲು ಕಂಡ ಸಂಭ್ರಮವನ್ನು ಮೊಮ್ಮಕ್ಕಳು ಫೋನಿನಲ್ಲಿ ಹಿಡಿದರು.

ಯಲಬುರ್ಗಾ ಎರೆಮಣ್ಣಿನ ಸೀಮೆ. ಜೋಳ, ಕಡಲೆ, ಮೆಕ್ಕೆಜೋಳ. ಹೊಲದ ನಡುವೆ ಈಗ ಗಾಳಿಯಂತ್ರಗಳು. ಜಮೀನಿಗೆ ಕೊಟ್ಟ ಬಾಡಿಗೆ ಎಷ್ಟು, ಹೊಲದ ದಾರಿ ಹಾಳಾದದ್ದಕ್ಕೆ ಹೊಣೆ ಯಾರು ಎಂಬುದು ಅಲ್ಲಿಂದ ಬರುವ ಪತ್ರಗಳ ವಿಷಯ. ಇದೇ ಸೀಮೆಯ ದ್ಯಾಂಪುರ ಕವಿ ಸಿದ್ದಯ್ಯ ಪುರಾಣಿಕರ ಊರು. ಇಟಗಿಯಲ್ಲಿ 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ ಗುಡಿಯಿದೆ. ಇನ್ನು ಕೊಪ್ಪಳವೆಂದರೆ ಕಚೇರಿಗಳ ಊರು. ಜೊತೆಗೆ ಗಿಣಿಗೇರಿ, ಹಿರೇಬಗನಾಳದ ಕಡೆಯ ಕಾರ್ಖಾನೆಗಳು, ಅವುಗಳ ಹೊಗೆ, ಭಾಗ್ಯನಗರದ ಕೂದಲು ಉದ್ಯಮ, ಕಿನ್ನಾಳದ ಬಣ್ಣದ ಗೊಂಬೆ. 2025ರ ಫೆಬ್ರವರಿ 24ರಂದು ಉಕ್ಕಿನ ಕಾರ್ಖಾನೆಯ ವಿಸ್ತರಣೆ ವಿರೋಧಿಸಿ ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿಯೂ ಬೀದಿಗಿಳಿದ ಆ ದಿನ ಊರಿನ ಪ್ರತಿ ಫೋನೂ ಒಂದು ಕ್ಯಾಮೆರಾ ಆಗಿತ್ತು. ಅಷ್ಟು ಚಿತ್ರಗಳ ನಡುವೆ ಬೇಡಿಕೆ ಏನು, ಕಂಪನಿ ಹೇಳುವುದೇನು, ಸರ್ಕಾರದ ಆದೇಶದಲ್ಲಿ ಇರುವುದೇನು ಎಂದು ಬಿಡಿಸಿ ಬರೆಯುವ ಕೆಲಸ ಮಾತ್ರ ಸುದ್ದಿಮನೆಯ ಪಾಲಿಗೇ ಉಳಿಯಿತು.

ಅಕ್ಷರದ ಕೆಲಸವೂ ಹಗುರವಲ್ಲ. ಅಚ್ಚಿನ ಪುಟ ಹಳೆಯ ನುಡಿ ಫಾಂಟಿನಲ್ಲಿ ಕಟ್ಟಿದ್ದು. ಜಾಲತಾಣಕ್ಕೆ ಬೇಕಾದದ್ದು ಯೂನಿಕೋಡ್. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಅರ್ಕಾವತ್ತು ಜಾರುತ್ತದೆ, ಒತ್ತಕ್ಷರ ಒಡೆಯುತ್ತದೆ, ಕನ್ನಡದ ಅಂಕಿಯ ಜಾಗದಲ್ಲಿ ಏನೇನೋ ಚಿಹ್ನೆ ಕೂರುತ್ತದೆ. ಆದ್ದರಿಂದ ಪರಿವರ್ತಿಸಿದ ಪ್ರತಿ ಸಾಲನ್ನೂ ಒಬ್ಬರು ಕಣ್ಣಿಟ್ಟು ಓದಲೇಬೇಕು. ಅದಕ್ಕಿಂತ ದೊಡ್ಡ ಎಚ್ಚರ ಊರಿನ ಹೆಸರಿನದು. ಹಿರೇಬೆಣಕಲ್ ಇದೆ, ಚಿಕ್ಕಬೆಣಕಲ್ ಇದೆ. ಹಿರೇಬಗನಾಳ ಇದೆ, ಚಿಕ್ಕಬಗನಾಳ ಇದೆ. ಒಂದು ಊರಿನಲ್ಲಿ ವಾಂತಿಭೇದಿ ಕಾಣಿಸಿಕೊಂಡರೆ ಇನ್ನೊಂದು ಊರಿನ ಹೆಸರು ಹಾಕುವಂತಿಲ್ಲ. ಬೆಂಗಳೂರಿನ ಮೇಜಿಗೆ ಅದು ಒಂದು ಪದ. ಇಲ್ಲಿ ಅದು ಎರಡು ಊರು, ನೂರಾರು ಮನೆ, ಅಷ್ಟೂ ಮನೆಗಳ ಬೀಗರು.

ವಾರಪತ್ರಿಕೆಯ ಲಯ ಹಳೆಯದು. ಶನಿವಾರ ಪತ್ರಿಕೆ ಕೈಗೆ ಬರಬೇಕಾದರೆ ಗುರುವಾರ ರಾತ್ರಿ ಪುಟ ಮುಗಿಯಬೇಕು, ಶುಕ್ರವಾರ ಅಚ್ಚಾಗಬೇಕು, ವಿಳಾಸದ ಚೀಟಿ ಅಂಟಿಸಿ ಅಂಚೆಗೆ ಹೋಗಬೇಕು. ಆನ್‌ಲೈನ್ ಆವೃತ್ತಿಗೆ ಗುರುವಾರವೂ ಇಲ್ಲ, ಶನಿವಾರವೂ ಇಲ್ಲ. ಬೆಳಿಗ್ಗೆ ಮಾರುಕಟ್ಟೆ ದರ, ಮಧ್ಯಾಹ್ನ ಸಭೆಯ ತೀರ್ಮಾನ, ಸಂಜೆ ಅಪಘಾತ, ರಾತ್ರಿ ಮಳೆ. ಎರಡೂ ಲಯವನ್ನು ಒಂದೇ ಕೋಣೆ, ಹೆಚ್ಚೆಂದರೆ ಮೂರು ಜನ ಹೊರುತ್ತಾರೆ. ಹೊರಲು ಸಾಧ್ಯವಾಗುವುದು ಹಂಚಿಕೆ ಸ್ಪಷ್ಟವಿದ್ದಾಗ. ಘಟನೆ ನಡೆದದ್ದು ಆನ್‌ಲೈನಿಗೆ, ಅದು ಯಾಕೆ ನಡೆಯಿತು ಎಂಬುದು ವಾರದ ಪುಟಕ್ಕೆ. ಸೋಮವಾರ ಶಾಲೆಯ ಕೊಠಡಿ ಸೋರಿದ ಸುದ್ದಿ ಜಾಲತಾಣದಲ್ಲಿ ಬಂದರೆ, ಗುರುವಾರದೊಳಗೆ ಆ ಕೊಠಡಿಗೆ ಯಾವ ವರ್ಷ ಎಷ್ಟು ಹಣ ಬಂದಿತ್ತು, ಗುತ್ತಿಗೆ ಯಾರದು, ಮಕ್ಕಳು ಈಗ ಎಲ್ಲಿ ಕೂರುತ್ತಾರೆ ಎಂಬುದೂ ಬರೆದಾಗಬೇಕು.

2024ರ ಆಗಸ್ಟ್ 10, ಶನಿವಾರದ ರಾತ್ರಿ ಈ ನಾಲ್ಕೂ ತಾಲ್ಲೂಕಿನ ಸುದ್ದಿಯವರಿಗೆ ಮರೆಯಲಾಗದ ಪರೀಕ್ಷೆ. ತುಂಗಭದ್ರಾ ಅಣೆಕಟ್ಟೆ ತುಂಬಿ ನಿಂತಿತ್ತು. 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಒಂದೇ ಬಾಯಿಂದ ಸುಮಾರು 35 ಸಾವಿರ ಕ್ಯುಸೆಕ್ ನೀರು ನುಗ್ಗತೊಡಗಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದರು. ಮಧ್ಯರಾತ್ರಿ ದಾಟುವ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ "ಡ್ಯಾಂ ಒಡದೈತಿ" ಎಂಬ ಮಾತು ಓಡಾಡುತ್ತಿತ್ತು. ಹುಲಿಗಿ, ಶಿವಪುರ, ಸಾಣಾಪುರ, ಆನೆಗೊಂದಿಯ ಕಡೆ ಹೊಳೆದಂಡೆಯ ಜನ ಎದ್ದು ಕೂತರು. ಎಲ್ಲ ಕಡೆಯಿಂದಲೂ ಪ್ರಶ್ನೆಗಳು: "ಕಂಪ್ಲಿ ಸೇತುವಿ ಮುಳುಗೇತೇನ್ರಿ?" "ಊರು ಬಿಡಬೇಕೇನ್ರಿ?"

ಅಣೆಕಟ್ಟೆ ಒಡೆಯುವುದಕ್ಕೂ ಒಂದು ಗೇಟು ಕಳಚುವುದಕ್ಕೂ ಇರುವ ಅಂತರ ಆ ರಾತ್ರಿ ಸಾವಿರಾರು ಜನರ ನಿದ್ದೆಯ ಪ್ರಶ್ನೆಯಾಗಿತ್ತು. ಅಂಥ ಹೊತ್ತಿನಲ್ಲಿ ಸಣ್ಣ ಸುದ್ದಿಮನೆ ಮಾಡಬೇಕಾದ್ದು ಬಹಳ ಸರಳ, ಅಷ್ಟೇ ಕಷ್ಟ. ಗೇಟಿನ ಸಂಖ್ಯೆ, ಹರಿವಿನ ಪ್ರಮಾಣ, ಯಾವ ಊರಿಗೆ ಎಚ್ಚರಿಕೆ ಕೊಟ್ಟಿದ್ದಾರೆ, ಯಾವ ಸೇತುವೆಯಲ್ಲಿ ಸಂಚಾರ ನಿಂತಿದೆ. ಇಷ್ಟನ್ನೇ, ಯಾರು ಹೇಳಿದ್ದು ಎಂಬುದರ ಜೊತೆ, ತಾಸಿಗೊಮ್ಮೆ ಸಮಯ ನಮೂದಿಸಿ ಬರೆಯುವುದು. ಭಯ ಹುಟ್ಟಿಸುವ ತಲೆಬರಹಕ್ಕೆ ಆ ರಾತ್ರಿ ಓದುಗರು ಹೆಚ್ಚು ಸಿಗುತ್ತಿದ್ದರು, ನಿಜ. ಆದರೆ ಮರುದಿನ ಬೆಳಿಗ್ಗೆ ಅದೇ ಓದುಗನ ಮುಖ ನೋಡಬೇಕಾದವನು ಜಿಲ್ಲೆಯ ಪತ್ರಕರ್ತ. ಅವನು ಊರು ಬಿಟ್ಟು ಹೋಗುವವನಲ್ಲ.

ಮುಂದಿನ ವಾರವಿಡೀ ಸುದ್ದಿ ಮುನಿರಾಬಾದ್ ಮತ್ತು ಹೊಸಪೇಟೆ ಬದಿಯಲ್ಲೇ ನೆಲೆಸಿತು. ಗೇಟು ಕೂರಿಸಲು ಸುಮಾರು 60 ಟಿಎಂಸಿ ನೀರು ಖಾಲಿ ಮಾಡಬೇಕಾಗುತ್ತದೆ ಎಂಬ ಮಾತು ಮೊದಲು ಬಂದಾಗ ಎಡದಂಡೆಯ ಭತ್ತದ ರೈತನ ಎದೆ ನಡುಗಿತು. ಆಮೇಲೆ ತಜ್ಞ ಕನ್ನಯ್ಯ ನಾಯ್ಡು ನೇತೃತ್ವದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಉಕ್ಕಿನ ತಡೆಗಳನ್ನು ಒಂದರ ಮೇಲೊಂದು ಇಳಿಸಿ ಆಗಸ್ಟ್ 17ರ ಹೊತ್ತಿಗೆ ಬಾಯಿ ಮುಚ್ಚಿದರು. ಇದು ದೇಶದ ಎಲ್ಲ ಮಾಧ್ಯಮಗಳಲ್ಲೂ ಬಂದ ಕಥೆ. ಜಿಲ್ಲೆಯ ವಾರಪತ್ರಿಕೆಗೆ ಉಳಿಯುವುದು ಅದರ ಮುಂದಿನ ಭಾಗ: 1953ರಲ್ಲಿ ಪೂರ್ಣಗೊಂಡ ಅಣೆಕಟ್ಟೆಯ ಗೇಟುಗಳ ಪರೀಕ್ಷೆ ಹೇಗೆ ನಡೆಯುತ್ತದೆ, 133 ಟಿಎಂಸಿಗೆ ಕಟ್ಟಿದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದದ್ದು ಹೇಗೆ, ಉಳಿದ 32 ಗೇಟುಗಳ ಗತಿ ಏನು. ಕ್ಯಾಮೆರಾಗಳು ಹೊರಟುಹೋದ ಮೇಲೂ ಈ ಪ್ರಶ್ನೆ ಕೇಳುತ್ತಲೇ ಇರುವುದು ಇಲ್ಲಿಯವರ ಕೆಲಸ.

ನೆನಪಿಟ್ಟುಕೊಳ್ಳುವುದೂ ಅಷ್ಟೇ ದೊಡ್ಡ ಕೆಲಸ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಮೇಲೆ ದಾಳಿ ನಡೆಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. ತೀರ್ಪು ಬಂದದ್ದು ಹತ್ತು ವರ್ಷದ ಮೇಲೆ. 2024ರ ಅಕ್ಟೋಬರ್ 24ರಂದು ಕೊಪ್ಪಳದ ಸೆಷನ್ಸ್ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳು ಹೈಕೋರ್ಟಿನ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ನೀಡಿತು. ಹತ್ತು ವರ್ಷದ ಹಿಂದಿನ ಆ ವಾರ ಊರಿನಲ್ಲಿ ಏನಾಯಿತು ಎಂದು ತೀರ್ಪಿನ ದಿನ ಹುಡುಕುವವನಿಗೆ ಸಿಗಬೇಕಾದದ್ದು ಸ್ಥಳೀಯ ಪತ್ರಿಕೆಯ ಹಳೆಯ ಪುಟ. ಅದು ಗೋದಾಮಿನಲ್ಲಿ ಇಲಿ ಕಡಿದ ಕಟ್ಟಿನೊಳಗಿದ್ದರೆ ಇದ್ದೂ ಇಲ್ಲದಂತೆ. ಯೂನಿಕೋಡಿನಲ್ಲಿ, ದಿನಾಂಕದೊಡನೆ, ಹುಡುಕಿದರೆ ಸಿಗುವಂತಿದ್ದರೆ ಅದು ಜಿಲ್ಲೆಯ ದಾಖಲೆ. ಶಿಕ್ಷೆಯ ಸುದ್ದಿಯ ಕೆಳಗೆ ಜಾಮೀನಿನ ಸುದ್ದಿಯ ಕೊಂಡಿಯೂ ಇರಬೇಕು. ಅರ್ಧ ಸುದ್ದಿ ಓದಿದವನು ಅರ್ಧ ಸತ್ಯ ಹೊತ್ತು ಹೋಗುತ್ತಾನೆ.

2021ರ ಸೆಪ್ಟೆಂಬರ್‌ನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗುವೊಂದು ಗುಡಿಯೊಳಗೆ ಹೋಯಿತೆಂದು ಕುಟುಂಬಕ್ಕೆ 25 ಸಾವಿರ ರೂಪಾಯಿ ದಂಡ ಹಾಕಿದ ಸಂಗತಿ ದೇಶವೆಲ್ಲ ಸುದ್ದಿಯಾಯಿತು. ನಕಾಶೆಯಲ್ಲಿ ಹುಡುಕಬೇಕಾದಷ್ಟು ಸಣ್ಣ ಊರು ಅದು. ಹಳ್ಳಿಯೊಳಗೆ ಮಾತು ಬಲ್ಲ, ಓಣಿ ಬಲ್ಲ ಜನ ಪತ್ರಿಕೆಗೆ ಇದ್ದರೆ ಮಾತ್ರ ಇಂಥ ಅನ್ಯಾಯ ಹೊಸ್ತಿಲು ದಾಟಿ ಹೊರಗೆ ಬರುತ್ತದೆ. ಹಾಗೆ ಹೊರಗೆ ತರುವಾಗ ಕಾಪಾಡಬೇಕಾದ ಗುಟ್ಟುಗಳೂ ಇವೆ. ಅತ್ಯಾಚಾರಕ್ಕೊಳಗಾದವರ ಗುರುತು ಬಯಲು ಮಾಡುವುದನ್ನು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ನಿಷೇಧಿಸುತ್ತದೆ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆ ತಡೆಯುತ್ತದೆ. ಸಣ್ಣ ಊರಿನಲ್ಲಿ ಹೆಸರು ಬರೆಯದಿದ್ದರೆ ಸಾಲದು. ಓಣಿಯ ಹೆಸರು, ತಂದೆಯ ಉದ್ಯೋಗ, ಮನೆಯ ಫೋಟೊ, ಯಾವುದು ಹೋದರೂ ಗುರುತು ಹೋದಂತೆಯೇ.

ಸುದ್ದಿ ಹಂಚುವ ಕೈಗೆ ಅಪಾಯವೂ ಉಂಟು. ಕೊಪ್ಪಳದ ಕನ್ನಡನೆಟ್ ಡಾಟ್ ಕಾಂ ಆನ್‌ಲೈನ್ ಸುದ್ದಿಯಲ್ಲಿ ಹೆಸರಾದದ್ದು. 2020ರ ಜನವರಿಯಲ್ಲಿ ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಪತ್ರಕರ್ತ, ಕವಿ ಸಿರಾಜ್ ಬಿಸರಳ್ಳಿ ಪೌರತ್ವದ ದಾಖಲೆ ಕೇಳುವವರನ್ನು ಪ್ರಶ್ನಿಸುವ ಕವಿತೆ ಓದಿದರು. ಅದರ ವಿಡಿಯೊ ಫೋನಿಂದ ಫೋನಿಗೆ ಹಬ್ಬಿತು, ದೂರು ದಾಖಲಾಯಿತು. ಓದಿದ ಕವಿಯ ಜೊತೆಗೆ ಅದನ್ನು ಹಂಚಿದ ಕನ್ನಡನೆಟ್ ಸಂಪಾದಕ ರಾಜಾಬಕ್ಷಿ ಅವರೂ ಪ್ರಕರಣ ಎದುರಿಸಿದರು. ಫೆಬ್ರವರಿಯಲ್ಲಿ ಇಬ್ಬರೂ ಗಂಗಾವತಿಯ ನ್ಯಾಯಾಲಯಕ್ಕೆ ಶರಣಾಗಿ, ಬಳಿಕ ಜಾಮೀನಿನ ಮೇಲೆ ಹೊರಬಂದರು. ಜಿಲ್ಲಾ ಕೇಂದ್ರದ ಸಣ್ಣ ಸುದ್ದಿತಾಣಕ್ಕೆ ವಕೀಲರ ದೊಡ್ಡ ಪಡೆ ಇರುವುದಿಲ್ಲ. ಒಂದು ಗುಂಡಿ ಒತ್ತುವ ಮುನ್ನ ಅದರ ಭಾರ ಅರಿತಿರಬೇಕು, ಒತ್ತಿದ ಮೇಲೆ ಅದರ ಹಿಂದೆ ನಿಲ್ಲುವ ಧೈರ್ಯವೂ ಇರಬೇಕು.

ಕಾನೂನಿನ ಕಾಗದಗಳೂ ಬದಲಾಗಿವೆ. 1867ರ ಮುದ್ರಣ ಕಾಯ್ದೆಯ ಜಾಗಕ್ಕೆ ಬಂದ 2023ರ ನಿಯತಕಾಲಿಕಗಳ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಶೀರ್ಷಿಕೆ, ನೋಂದಣಿ ಎಲ್ಲ ಈಗ ಆನ್‌ಲೈನಿನಲ್ಲೇ. ಡಿಜಿಟಲ್ ಸುದ್ದಿಗೆ 2021ರ ನಿಯಮಗಳಿವೆ. ದೂರು ಬಂದರೆ 24 ತಾಸಿನಲ್ಲಿ ಸ್ವೀಕೃತಿ, 15 ದಿನದಲ್ಲಿ ತೀರ್ಮಾನ ಎಂದು ಅವು ಹೇಳುತ್ತವೆ. ಅವುಗಳ ಕೆಲವು ಭಾಗಕ್ಕೆ ಬಾಂಬೆ ಹೈಕೋರ್ಟ್ ಆ ವರ್ಷವೇ ತಡೆ ಕೊಟ್ಟಿತು. ಕಾನೂನು ಎಲ್ಲಿಗೇ ನಿಲ್ಲಲಿ, ಒಳ್ಳೆಯ ಸುದ್ದಿಮನೆ 15 ದಿನ ಕಾಯುವುದಿಲ್ಲ. ತಪ್ಪು ಎಂದು ಗೊತ್ತಾದ ಕೂಡಲೇ ತಿದ್ದುತ್ತದೆ, ತಿದ್ದಿದ್ದೇವೆ ಎಂದು ಅದೇ ಪುಟದಲ್ಲಿ ಬರೆಯುತ್ತದೆ.

ಜನವರಿಯ ಗವಿಸಿದ್ಧೇಶ್ವರ ಜಾತ್ರೆ ಬಂದರೆ ಕೋಣೆಗೆ ಬೇರೆಯೇ ಕಳೆ. ಹಳ್ಳಿಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿದು ಒಣಗಿಸುತ್ತಾರೆ, ಟ್ರ್ಯಾಕ್ಟರುಗಳಲ್ಲಿ ಆ ರೊಟ್ಟಿ ಗವಿಮಠದ ದಾಸೋಹಕ್ಕೆ ಬರುತ್ತದೆ. ತೇರಿನ ದಿನ ಲಕ್ಷಾಂತರ ಜನ. ಅಚ್ಚಿನ ಪತ್ರಿಕೆಗೆ ಅದು ವಿಶೇಷ ಸಂಚಿಕೆ, ಜಾಹೀರಾತಿನ ಸುಗ್ಗಿ. ಆನ್‌ಲೈನಿಗೆ ಅದು ನೇರ ಪ್ರಸಾರ. ಆ ಪ್ರಸಾರವನ್ನು ಕಣ್ಣಲ್ಲಿ ನೀರು ತುಂಬಿಕೊಂಡು ನೋಡುವವರು ಕೊಪ್ಪಳದಲ್ಲಿ ಇರುವವರಲ್ಲ. ಮಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ, ಗೋವಾದ ರಸ್ತೆ ಕೆಲಸದಲ್ಲಿ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಇರುವವರು.

ಆನ್‌ಲೈನ್ ಆವೃತ್ತಿಯ ನಿಜವಾದ ಓದುಗರು ಇವರೇ. ಅಂಚೆಯ ಪತ್ರಿಕೆ ಗುಳೆ ಹೋದವನ ಬೀಗ ಹಾಕಿದ ಬಾಗಿಲಿಗೆ ಬಂದು ಬೀಳುತ್ತದೆ. ಫೋನಿನ ಪತ್ರಿಕೆ ಅವನ ಜೊತೆಗೇ ಹೋಗುತ್ತದೆ. ಊರಲ್ಲಿ ಮಳೆಯಾಯಿತೇ, ಅವ್ವ ಔಷಧಿ ತರುವ ಆಸ್ಪತ್ರೆಗೆ ಡಾಕ್ಟರ್ ಬಂದರೇ, ಮಗ ಓದುವ ಶಾಲೆಯ ಮಾಡು ರಿಪೇರಿಯಾಯಿತೇ? ಊರಲ್ಲಿದ್ದವನು ಸುಳ್ಳು ಸುದ್ದಿ ಕೇಳಿದರೆ ಚಪ್ಪಲಿ ಮೆಟ್ಟಿ ಹೋಗಿ ನೋಡಿ ಬರುತ್ತಾನೆ. ನಾನೂರು ಕಿಲೊಮೀಟರ್ ಆಚೆ ಇರುವವನಿಗೆ ಆ ದಾರಿಯಿಲ್ಲ. ಅವನು ನಂಬಲೇಬೇಕು. ಅವನ ನಂಬಿಕೆಗೆ ತಕ್ಕ ಸುದ್ದಿ ಕೊಡುವುದಕ್ಕಾಗಿಯೇ ಮೂರು ಕರೆ, ಹದಿನೈದು ನಿಮಿಷ, ಊರಿನ ಹೆಸರಿನ ಮೇಲೆ ಎರಡು ಸಲ ಕಣ್ಣು.

ಇಷ್ಟು ಕೆಲಸಕ್ಕೆ ಹಣ ಬರುವ ದಾರಿ ಮಾತ್ರ ಕಿರಿದು. ಆನ್‌ಲೈನ್ ಓದು ಉಚಿತ ಎಂಬ ರೂಢಿ ಬೇರೂರಿದೆ. ಅಚ್ಚಿನ ಪತ್ರಿಕೆಯ ಚಂದಾ, ಜಾತ್ರೆ-ಹಬ್ಬದ ಜಾಹೀರಾತು, ಶ್ರದ್ಧಾಂಜಲಿಯ ಚೌಕ ಇವುಗಳಿಂದಲೇ ಜಾಲತಾಣದ ಬಾಡಿಗೆಯೂ ಹೊರಡಬೇಕು. ತಾಲ್ಲೂಕಿನ ವರದಿಗಾರನಿಗೆ ಸಿಗುವುದು ಹಲವು ಕಡೆ ಪೆಟ್ರೋಲಿಗೂ ಸಾಲದು. ಈ ಬಡತನದ ಸಂದಿಯಲ್ಲೇ ಕಾರ್ಡು ತೋರಿಸಿ ವಸೂಲಿಗೆ ಇಳಿಯುವವರು ಹುಟ್ಟಿಕೊಂಡು, ಬೆವರು ಸುರಿಸಿ ಸುದ್ದಿ ತರುವವನ ಹೆಸರಿಗೂ ಮಸಿ ಬಳಿಯುತ್ತಾರೆ. ಅದನ್ನು ತಡೆಯುವ ಗಟ್ಟಿ ಉಪಾಯ ಒಂದೇ: ಪ್ರಾಮಾಣಿಕ ವರದಿಗಾರನಿಗೆ ಓದುಗನೇ ಕೂಲಿ ಕೊಡುವುದು.

ಹೀಗಾಗಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಓದುಗರಲ್ಲಿ, ಇಲ್ಲಿಂದ ದೂರ ಹೋಗಿ ದುಡಿಯುತ್ತಿರುವವರಲ್ಲಿ ಒಂದು ಕೋರಿಕೆ. ನಿಮ್ಮ ಜಿಲ್ಲೆಯ ಒಂದು ಪತ್ರಿಕೆಗಾದರೂ ವರ್ಷದ ಚಂದಾ ಕಟ್ಟಿ. ಫೋಟೊ ಕಳಿಸುವಾಗ ಊರು, ದಿನ, ಹೊತ್ತು ಬರೆದು ಕಳಿಸಿ. ತಪ್ಪು ಕಂಡರೆ ಫೋನ್ ಮಾಡಿ ತಿದ್ದಿಸಿ. ಸಂಪಾದಕರು "ಇನ್ನೂ ಖಾತ್ರಿಯಾಗಿಲ್ಲ, ಸ್ವಲ್ಪ ತಡೀರಿ" ಎಂದರೆ, ಅವರು ನಿಮ್ಮ ಕೆಲಸವನ್ನೇ ಮಾಡುತ್ತಿದ್ದಾರೆ ಎಂದು ತಿಳಿಯಿರಿ.